ರಾಜಘಟ್ಟದ ಮಣ್ಣಿನ ಸ್ತೂಪಗಳು

ದೊಡ್ಡಬಳ್ಳಾಪುರವೆಂದೊಡನೆ ನಮಗೆ ನೆನಪಾಗುವುದು ಮಗ್ಗದ ಸದ್ದು. ಅದೇ ತಾಲ್ಲೂಕಿನ ರಾಜಘಟ್ಟದಲ್ಲಿ ಒಂದು ಕಾಲಕ್ಕೆ ಬೌದ್ಧ ಭಿಕ್ಷುಗಳು ನೆಲೆಸಿದ್ದರೆಂಬುದು ಬಹುಮಂದಿಗೆ ತಿಳಿಯದು. 2001 ಮತ್ತು 2004ರಲ್ಲಿ ಮೈಸೂರು ವಿಶ್ವವಿದ್ಯಾಲಯದವರು ಅಲ್ಲಿಯ ದಿಬ್ಬವನ್ನು ಅಗೆದಾಗ ಗಂಗರ ಕಾಲದ ಇಟ್ಟಿಗೆಯ ಚೈತ್ಯ, ವಿಹಾರಗಳ ಅವಶೇಷಗಳು ಹೊರಬಿದ್ದವು. ಜೊತೆಗೆ ಮಣ್ಣಿನ ಕಿರುಸ್ತೂಪಗಳು. ಅವುಗಳ ಒಡಲಲ್ಲಿ ಅಕ್ಷರ ಒತ್ತಿದ ಪುಟ್ಟ ಬಿಲ್ಲೆಗಳು. ಗಂಗರ ನಾಡೆಂದರೆ ಬಸದಿ, ಅಗ್ರಹಾರಗಳೆಂದಷ್ಟೇ ಬಗೆದಿದ್ದವರಿಗೆ ಇದು ಹೊಸ ಪಾಠ.

ಬೌದ್ಧ ಸ್ಮಾರಕವೆಂದರೆ ನಮ್ಮ ಕಣ್ಣು ದೂರಕ್ಕೆ ಹರಿಯುತ್ತದೆ. ಕೊರಿಯಾದ ಗ್ಯೊಂಗ್ಜು, ಸಿಲ್ಲಾ ಅರಸರ ರಾಜಧಾನಿ. ಅಲ್ಲಿಯ ಸೊಕ್ಕುರಾಮ್ ಗುಹೆಯಲ್ಲಿ ಕುಳಿತಿರುವ 8ನೆಯ ಶತಮಾನದ ಬುದ್ಧ ಕಗ್ಗಲ್ಲಿನವನು. ಆ ಗುಹೆ 1995ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದರ ಹಿಂದೆ ಒಂದು ರಾಜ್ಯದ ಬಲವಿತ್ತು. ರಾಜಘಟ್ಟದ ಬಿಲ್ಲೆಗೆ ಬೇಕಾದದ್ದು ಹಿಡಿಮಣ್ಣು, ಒಂದು ಅಚ್ಚು, ಭಕ್ತನೊಬ್ಬನ ಕೈ. ನನ್ನ ಮನಸ್ಸನ್ನು ಹೆಚ್ಚು ತಟ್ಟುವುದು ಈ ಬಡವರ ಕಾಣಿಕೆಯೇ.

ಕಲ್ಲು ತನ್ನನ್ನು ತಾನು ಕಾಯ್ದುಕೊಂಡೀತು. ಮಣ್ಣನ್ನು ನಾವೇ ಕಾಯಬೇಕು. ಹೊಲಗಳು ನಿವೇಶನಗಳಾಗುತ್ತಿರುವ ಈ ದಿನಗಳಲ್ಲಿ, ಊರಂಚಿನ ದಿಬ್ಬವೊಂದನ್ನು ಸಮತಟ್ಟು ಮಾಡುವ ಮುನ್ನ ಅದರೊಳಗೆ ಏನಿದೆಯೆಂದು ಕೇಳುವ ವ್ಯವಧಾನ ನಮಗಿರಲಿ.