ಮುಳುಗಿ ಏಳುವ ದಂಡೆ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಗೆ ಐವತ್ತು ತುಂಬಿದ ಈ ದಿನ ಮುಂದಿನ ಐವತ್ತು ವರ್ಷಗಳ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದರು. ನಾನು ನಮ್ಮ ಹೊಳೆದಂಡೆಯ ಬಗ್ಗೆ ಮಾತಾಡುತ್ತೇನೆ. ವಿರೂಪಾಕ್ಷ ಗುಡಿಯ ಸ್ನಾನಘಟ್ಟದಿಂದ ಚಕ್ರತೀರ್ಥ, ಕೋದಂಡರಾಮ ಗುಡಿ ದಾಟಿ ಪುರಂದರ ಮಂಟಪದವರೆಗಿನ ದಂಡೆ. ಪಟ್ಟಣದವರಿಗೆ ಉದ್ಯಾನ ಹೇಗೋ ನಮಗೆ ಇದು ಹಾಗೆ. ಸ್ನಾನ, ಪೂಜೆ, ಹರಿಗೋಲು, ವ್ಯಾಪಾರ, ಸಂಜೆಯ ಹರಟೆ ಎಲ್ಲವೂ ಇಲ್ಲೇ.

ನಮ್ಮಲ್ಲಿ ಸುಡುವ ಬಿಸಿಲಿದ್ದಾಗಲೂ ಹೊಳೆ ತುಂಬಿ ಬರುತ್ತದೆ. ಮಳೆ ಬೀಳುವುದು ಮಲೆನಾಡಿನಲ್ಲಿ. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಆ ನೀರನ್ನು ಇಲ್ಲಿಗೆ ತರುತ್ತವೆ. ನಡುವೆ ಅಣೆಕಟ್ಟು ಇದೆಯಲ್ಲ ಎಂದು ನೀವು ಕೇಳಬಹುದು. ಅದನ್ನು ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ ಮತ್ತು ವಿದ್ಯುತ್ತಿಗೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಜಲಾಶಯ ಬೇಗ ತುಂಬಿದರೆ ಆಮೇಲೆ ಬಂದ ನೀರನ್ನೆಲ್ಲ ಕೆಳಗೆ ಬಿಡಲೇಬೇಕು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿದ ತಂತ್ರಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರನ್ನು ನಾಡೆಲ್ಲ ಕೊಂಡಾಡಿತು. ಆ ವಾರ ಕೆಳಗಿನ ಊರುಗಳೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದವು.

ಇದರ ಮೇಲೆ ಹವಾಮಾನ ಬದಲಾವಣೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ತಿಂಗಳಿಡೀ ಸುರಿಯಬೇಕಾದ ಮಳೆ ನಾಲ್ಕೇ ದಿನಗಳಲ್ಲಿ ಸುರಿಯುವ ಸಂಭವ ಹೆಚ್ಚುತ್ತದೆ.

ಪ್ರವಾಹದ ಮುಂದೆ ದಂಡೆಗೆ ಎರಡು ದಾರಿಗಳಿವೆ. ಒಂದು, ಎತ್ತರಿಸಿ ತಡೆಯುವುದು. 2012ರ ಸ್ಯಾಂಡಿ ಚಂಡಮಾರುತದ ನಂತರ ನ್ಯೂಯಾರ್ಕಿನವರು ಈಸ್ಟ್ ರಿವರ್ ಉದ್ಯಾನಕ್ಕೆ ಮಣ್ಣು ತುಂಬಿ ಎತ್ತರಿಸಲು ಹೊರಟರು. ಅದಕ್ಕಾಗಿ ನೂರಾರು ಮರ ಕಡಿಯಬೇಕಾಯಿತು, ಅಲ್ಲಿನ ಜನ ಪ್ರತಿಭಟಿಸಿದರು. ಇನ್ನೊಂದು, ನೀರಿಗೆ ದಾರಿ ಬಿಡುವುದು. ಚೀನಾದ ಜಿನ್‌ಹುವಾ ನಗರದ ಯಾನ್‌ವೇಝೌ ಉದ್ಯಾನದಲ್ಲಿ ಕಾಂಕ್ರೀಟ್ ಗೋಡೆ ಒಡೆದು, ಹುಲ್ಲು ಬೆಳೆಯುವ ಮೆಟ್ಟಿಲುದಂಡೆ ಮಾಡಿದರು. ಪ್ರವಾಹ ಬಂದಾಗ ಅದು ಮುಳುಗುತ್ತದೆ, ಇಳಿದಾಗ ಏಳುತ್ತದೆ.

ಹಂಪಿಯಲ್ಲಿ ಗೋಡೆ ಕಟ್ಟುವಂತಿಲ್ಲ. 1986ರಿಂದ ಇದು ವಿಶ್ವ ಪರಂಪರೆಯ ತಾಣ. ಅದಕ್ಕಿಂತ ಮುಖ್ಯವಾಗಿ, ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವ ಹೊಳೆಗೆ ಈಚೆ ಗೋಡೆ ಹಾಕಿದರೆ ನೀರು ಆಚೆ ದಡಕ್ಕೆ ನುಗ್ಗುತ್ತದೆ. ಅಲ್ಲಿರುವವರೂ ನಮ್ಮವರೇ.

ಎರಡನೆಯ ದಾರಿಯ ಪಾಠ ಕಲಿಯಲು ಚೀನಾಕ್ಕೆ ಹೋಗಬೇಕಿಲ್ಲ, ಪುರಂದರ ಮಂಟಪದ ಮುಂದೆ ನಿಂತರೆ ಸಾಕು. ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಕಲ್ಲುಕಂಬ, ಮೇಲೆ ಚಪ್ಪಡಿ. ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಮಳೆಗಾಲದಲ್ಲಿ ಎಷ್ಟು ಸಲ ಮುಳುಗಿದರೂ ಅದು ನಿಂತಿದೆ. ಇದಕ್ಕೆ ವಿರುದ್ಧವಾದ ಪಾಠ ವಿರುಪಾಪುರಗಡ್ಡೆಯದು. 2019ರ ಆಗಸ್ಟ್‌ನಲ್ಲಿ ಅಲ್ಲಿ ಸಿಲುಕಿದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಹೊರತರಬೇಕಾಯಿತು. ಮರುವರ್ಷ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ರೆಸಾರ್ಟ್‌ಗಳನ್ನು ತೆರವು ಮಾಡಿದರು.

ಹಾಗಾದರೆ ನಾವು ಕೇಳಬೇಕಾದದ್ದೇನು? ದಂಡೆಗೆ ಸಿಮೆಂಟ್ ಸುರಿಯುವುದು ಬೇಡ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ವಿದ್ಯುತ್ ಪೆಟ್ಟಿಗೆ ಇವೆಲ್ಲ ಪ್ರವಾಹದ ಮಟ್ಟಕ್ಕಿಂತ ಮೇಲಿರಲಿ. ಹೂಳು ಮೆತ್ತಿದರೆ ಸಾಯುವ ಲಾನ್ ಬದಲು ಹೊಳೆಮತ್ತಿ, ಹೊಂಗೆ, ಲಕ್ಕಿ, ಜೊಂಡು ಬೆಳೆಯಲಿ. ಅವುಗಳ ಬೇರು ಮಣ್ಣು ಹಿಡಿಯುತ್ತದೆ, ಪೊದೆಯಲ್ಲಿ ನೀರುನಾಯಿಗೆ ಆಸರೆ ಸಿಗುತ್ತದೆ. 2015ರಲ್ಲಿ ತುಂಗಭದ್ರೆಯ ಈ ಭಾಗವನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ, ಮರೆಯಬಾರದು.

ಇಷ್ಟೇ ಮುಖ್ಯವಾದದ್ದು ಜನ. 2011ರಲ್ಲಿ ಬಜಾರಿನ ಮಂಟಪಗಳಿಂದ ಎದ್ದುಹೋದ ಕುಟುಂಬಗಳ ನೋವು ಈ ಸಭೆಯಲ್ಲೇ ಹಲವರಿಗೆ ಗೊತ್ತು. ದಂಡೆಯ ಯೋಜನೆ ಕಾಗದದ ಮೇಲೆ ಮೂಡುವ ಮೊದಲು ಹರಿಗೋಲು ಹಾಕುವವರನ್ನು, ಹೂ-ಕಾಯಿ ಮಾರುವ ಅಕ್ಕಂದಿರನ್ನು ಕೂರಿಸಿ ಕೇಳಬೇಕು. ನೀರು ಏರಿದಾಗ ಎತ್ತಿಕೊಂಡು ಹೋಗಬಹುದಾದ ಅಂಗಡಿಗೆ ಜಾಗ ಗೊತ್ತುಮಾಡಬೇಕು. ಹೊಳೆ ಎಲ್ಲಿ ಮೊದಲು ಉಕ್ಕುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ನಕ್ಷೆಗೂ ಗೊತ್ತಿರುವುದಿಲ್ಲ.

ಕೊನೆಗೆ ಶಾಲೆಗೊಂದು ಕೆಲಸ. ಡ್ಯಾಮಿನಿಂದ ಇಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದರೆ ದಂಡೆಯಲ್ಲಿರುವ ಅಜ್ಜಿಗೆ ಏನು ತಿಳಿಯುತ್ತದೆ? ಯಾವ ಮೆಟ್ಟಿಲು ಮುಳುಗುತ್ತದೆ ಎಂದರೆ ತಿಳಿಯುತ್ತದೆ. ಪ್ರತಿ ಮಳೆಗಾಲ ವಿಜ್ಞಾನ ಶಿಕ್ಷಕರ ಜೊತೆ ಮಕ್ಕಳು, ಸುರಕ್ಷಿತ ಎತ್ತರದಿಂದಲೇ, ಬಿಟ್ಟ ನೀರು ಮತ್ತು ಮುಳುಗಿದ ಮೆಟ್ಟಿಲು ಎರಡನ್ನೂ ಒಂದು ವಹಿಯಲ್ಲಿ ಬರೆದಿಡಲಿ. ಸ್ಮಾರಕಗಳನ್ನು ಮುಟ್ಟದೆ, ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆದು ಒಂದು ಗುರುತುಗಲ್ಲು ನೆಡೋಣ. ಅದರ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ಹೊರಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಹತ್ತು ವರ್ಷ ಬರೆದರೆ, ಎಷ್ಟು ನೀರಿಗೆ ಯಾವ ಅಂಗಡಿ ಎತ್ತಬೇಕು ಎಂದು ನಮ್ಮ ಮಕ್ಕಳೇ ಊರಿಗೆ ಹೇಳಬಲ್ಲರು.