ಲಿಂಕನ್ ಕೋಟೆಯ ಒಡತಿ

ಇಂಗ್ಲೆಂಡಿನ ಜಾನ್ ದೊರೆಯೆಂದೊಡನೆ ನಮಗೆ ನೆನಪಾಗುವುದು 1215ರ ಮ್ಯಾಗ್ನಾ ಕಾರ್ಟಾ. ಅದರ ಬೆನ್ನಲ್ಲೇ ಹೊತ್ತಿಕೊಂಡ ಅಂತರ್ಯುದ್ಧದಲ್ಲಿ ಲಿಂಕನ್ ನಗರದ ಕೋಟೆಯನ್ನು ಕಾಯ್ದ ನಿಕೊಲಾ ದ ಲಾ ಹೇ ಎಂಬ ವಿಧವೆಯನ್ನು ಬಲ್ಲವರು ವಿರಳ.

ಕಿಲ್ಲೇದಾರಿಕೆ ಆಕೆಗೆ ಗಂಡನಿಂದ ಬಂದುದಲ್ಲ, ತಂದೆಯ ಮನೆತನದ ಹಕ್ಕು. 1191ರಲ್ಲಿ ಚಾನ್ಸಲರ್ ಲಾಂಗ್‌ಷಾಂಪ್ ಮುತ್ತಿಗೆ ಹಾಕಿದಾಗಲೂ ಆಕೆ ಮಣಿದಿರಲಿಲ್ಲ. ಮುಂದೆ, ವಯಸ್ಸಾಯಿತು, ಈ ಹೊರೆ ಸಾಕೆಂದು ಬೀಗದ ಕೈಗಳನ್ನು ಜಾನನಿಗೆ ಒಪ್ಪಿಸಹೋದಳಂತೆ. ನೀನೇ ಇಟ್ಟುಕೊ ಎಂದನಂತೆ ದೊರೆ. ಆ ಶತಮಾನದ ವಿಚಾರಣಾ ದಾಖಲೆಯೊಂದು ಹೀಗೆ ಹೇಳುತ್ತದೆ. 1216ರ ಅಕ್ಟೋಬರ್ 18ರಂದು ಆಕೆಗೆ ಲಿಂಕನ್‌ಷೈರಿನ ಷೆರೀಫ್ ಪದವಿಯನ್ನೂ ಕೊಟ್ಟು, ಆತ ಅದೇ ರಾತ್ರಿ ತೀರಿಕೊಂಡ.

ಪಟ್ಟಕ್ಕೆ ಬಂದ ಹೆನ್ರಿ ಒಂಬತ್ತು ವರ್ಷದ ಬಾಲಕ. ಫ್ರಾನ್ಸಿನ ಯುವರಾಜ ಲೂಯಿಯ ಪಕ್ಷದವರು ಲಿಂಕನ್ ಪೇಟೆಯನ್ನು ಹಿಡಿದು ಕೋಟೆಯ ಮೇಲೆ ಕಲ್ಲೆಸೆಯುವ ಯಂತ್ರಗಳನ್ನು ಹೂಡಿದ್ದರು. 1217ರ ಮೇ 20ರಂದು ವೃದ್ಧ ವಿಲಿಯಂ ಮಾರ್ಷಲ್ ಸೇನೆಯೊಡನೆ ಬಂದು ಅವರನ್ನು ಚದುರಿಸಿದ. ಚರಿತ್ರೆಕಾರರು ಗೆಲುವನ್ನು ಮಾರ್ಷಲನ ಲೆಕ್ಕಕ್ಕೆ ಬರೆಯುತ್ತಾರೆ, ತಪ್ಪೆನ್ನಲಾರೆ. ಆದರೆ ತಿಂಗಳುಗಟ್ಟಲೆ ಕೋಟೆ ನಿಲ್ಲದೆ ಹೋಗಿದ್ದರೆ ಆತ ಬಂದು ಉಳಿಸುವುದಕ್ಕೆ ಏನಿರುತ್ತಿತ್ತು?

ಇನ್ನು ಆಕೆಗೆ ದೊರೆತ ಬಹುಮಾನವನ್ನು ಕೇಳಿ. ನಾಲ್ಕೇ ದಿನಗಳಲ್ಲಿ ಷೆರೀಫ್ ಪದವಿಯನ್ನು ಕಸಿದು ಬಾಲದೊರೆಯ ಚಿಕ್ಕಪ್ಪ, ಸಾಲ್ಸ್‌ಬರಿಯ ಅರ್ಲ್ ವಿಲಿಯಂನಿಗೆ ಕೊಟ್ಟರು. ಆತನೋ, ಹಿಂದಿನ ವರ್ಷ ಲೂಯಿಯ ಪಕ್ಷ ಸೇರಿ, ಆಗಷ್ಟೇ ಮರಳಿದ್ದವನು! ಕೋಟೆಗೂ ಕೈಚಾಚಿದ. ನಿಕೊಲಾ ಹಕ್ಕು ಸಾಧಿಸಿ ಕೋಟೆಯನ್ನು ಉಳಿಸಿಕೊಂಡಳು. ಹೊರೆ ಸಾಕೆಂದಿದ್ದ ಆ ಮುದುಕಿ ಬೀಗದ ಕೈಗಳನ್ನು ಕೆಳಗಿಟ್ಟದ್ದು 1226ರಲ್ಲಿ, ಆ ಅರ್ಲ್ ಸತ್ತ ಮೇಲೆ.