ಮಣಿಕಟ್ಟಿನ ನರ ಎಷ್ಟು ಗಡುಸಾಗಿದೆ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಭಾಷೆ ಕಲಿಸುವವರಿಗೆ ವೈದ್ಯಕೀಯದ ಮಾತೇಕೆ ಎಂದು ನೀವು ಕೇಳಬಹುದು. ನೋವಿಗೆ ಹೆಸರು ಗೊತ್ತಿಲ್ಲದಿದ್ದರೆ ಅದನ್ನು ವೈದ್ಯರಿಗೆ ವಿವರಿಸುವುದೂ ಕಷ್ಟ. ಹೆಸರು ಹೇಳಿಕೊಡುವುದು ಭಾಷಾ ಶಿಕ್ಷಕರ ಕೆಲಸವೇ ಅಲ್ಲವೇ?

ನಿಮ್ಮ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು, ಬೀಡಿ ಕಟ್ಟುವವರು, ದಿನವೂ ರಾಶಿ ರೊಟ್ಟಿ ತಟ್ಟುವ ತಾಯಂದಿರು ಇರಬಹುದು. ಅವರಲ್ಲಿ ಕೆಲವರು ನಡುರಾತ್ರಿ ಕೈ ಜೋಮು ಹಿಡಿದು ಎದ್ದು ಕೂತು, ಕೈ ಕೊಡವುತ್ತಾರೆ. ಬೆಳಿಗ್ಗೆ ಕೇಳಿದರೆ ವಾಯು ಎನ್ನುತ್ತಾರೆ, ನಿಶ್ಶಕ್ತಿ ಎನ್ನುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಜೋಮು ಹಿಡಿದು, ಕಿರುಬೆರಳು ಮಾತ್ರ ಸರಿಯಾಗಿದ್ದರೆ ಅದು ಕಾರ್ಪಲ್ ಟನಲ್ ಸಿಂಡ್ರೋಮ್ ಇರಬಹುದು. ಇದು ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಲ್ಲೂ, ಬಸುರಿಯರಲ್ಲೂ ಕಾಣುತ್ತದೆ.

ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗವಿದೆ. ಎಂಟು ಸಣ್ಣ ಮೂಳೆಗಳು ಅದರ ತಳ ಮತ್ತು ಗೋಡೆ, ಬಿಗಿಯಾದ ಪಟ್ಟಿಯೊಂದು ಅದರ ಚಾವಣಿ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ ಜೊತೆಗೆ ಮೀಡಿಯನ್ ನರವೂ ಅದರೊಳಗೆ ಸಾಗಬೇಕು. ಒತ್ತಡ ಹೆಚ್ಚಿದರೆ ಮೆತ್ತಗಿನ ನರವೇ ನಲುಗುತ್ತದೆ. ಅದು ಬಾತುಕೊಳ್ಳುತ್ತದೆ, ಕಾಲ ಕಳೆದಂತೆ ಒಳಗೆ ನಾರು ಬೆಳೆದು ಗಡುಸಾಗುತ್ತದೆ.

ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹರಿಯುತ್ತದೆಂದು ಸಣ್ಣ ವಿದ್ಯುತ್ ಕೊಟ್ಟು ನೋಡುವ ಪರೀಕ್ಷೆ ಬಹಳ ಕಾಲದಿಂದ ಇದೆ. ಆದರೆ ಕಾಯಿಲೆಯ ಆರಂಭದಲ್ಲಿ ಕೆಲವರಿಗೆ ಅದರ ಫಲಿತಾಂಶ ಸರಿಯಾಗಿಯೇ ಬರುತ್ತದೆ. ಸ್ಕ್ಯಾನಿಂಗ್ ಎಂದರೆ ಗರ್ಭಿಣಿಯರಿಗೆ ಮಾತ್ರ ಎಂಬ ಭಾವನೆ ನಮ್ಮಲ್ಲಿದೆ; ಅದೇ ಅಲ್ಟ್ರಾಸೌಂಡ್‌ನಿಂದ ಈ ನರವನ್ನೂ ನೋಡಬಹುದು. ಮಣಿಕಟ್ಟಿನಲ್ಲಿ ನರದ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 10 ಚದರ ಮಿಲಿಮೀಟರ್ ಮೀರಿದರೆ ವೈದ್ಯರಿಗೆ ಸಂಶಯ ಬರುತ್ತದೆ.

ಗಾತ್ರವಾಯಿತು, ಗಡಸುತನ ತಿಳಿಯುವುದು ಹೇಗೆ? ಮಾವಿನಹಣ್ಣು ಕೊಳ್ಳುವಾಗ ನಾವು ಒತ್ತಿ ನೋಡುವುದಿಲ್ಲವೇ? 1991ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಜೋನಾಥನ್ ಓಫಿರ್ ಮತ್ತು ಸಂಗಡಿಗರು ಪ್ರಕಟಿಸಿದ ಎಲಾಸ್ಟೊಗ್ರಫಿಯ ತತ್ವ ಇದೇ. ಮೈಮೇಲೆ ಮೆಲ್ಲಗೆ ಒತ್ತಿದಾಗ ಮೆತ್ತಗಿನ ಭಾಗ ಹೆಚ್ಚು ಅಮುಕುತ್ತದೆ, ಗಡುಸಾದದ್ದು ಕಡಿಮೆ. ಯಂತ್ರ ಅದನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಮುಂದೆ ಬಂದ ವಿಧಾನದಲ್ಲಿ ಕೈಯಿಂದ ಒತ್ತಬೇಕಿಲ್ಲ. ಯಂತ್ರವೇ ಶಬ್ದತರಂಗದಿಂದ ಒಳಗೆ ಒಂದು ಸಣ್ಣ ನೂಕು ಕೊಡುತ್ತದೆ, ಆಗ ಎದ್ದ ಅಲೆ ಅಡ್ಡಲಾಗಿ ಹರಡುವ ವೇಗವನ್ನು ಅಳೆಯುತ್ತದೆ. ಗಡುಸಾದಷ್ಟೂ ಅಲೆ ವೇಗವಾಗಿ ಓಡುತ್ತದೆ. ವಿಜ್ಞಾನ ವಿದ್ಯಾರ್ಥಿಗಳು ಗಮನಿಸಿ: ವೇಗ ಎರಡು ಪಟ್ಟಾದರೆ ಗಡಸುತನ ನಾಲ್ಕು ಪಟ್ಟು.

2014ರಲ್ಲಿ ತುರ್ಕಿಯ ವೈದ್ಯರು ಹೀಗೆ ಅಳೆದಾಗ ಆರೋಗ್ಯವಂತರ ನರದಲ್ಲಿ ಸರಾಸರಿ 32 ಕಿಲೊಪ್ಯಾಸ್ಕಲ್, ರೋಗಿಗಳಲ್ಲಿ 66.7 ಕಿಲೊಪ್ಯಾಸ್ಕಲ್ ಬಂತು. ಹೆಚ್ಚುಕಡಿಮೆ ಎರಡು ಪಟ್ಟು! ಕಣ್ಣಿಗೆ ಕಾಣದ ನೋವನ್ನು ಸೋಮಾರಿತನ ಎನ್ನುವವರಿಗೆ ಈ ಅಂಕಿ ಸಾಕು ಎಂದು ನನ್ನ ಅಭಿಪ್ರಾಯ.

ಹಾಗೆಂದು ಯಂತ್ರದ ಮಾತೇ ಅಂತಿಮವಲ್ಲ. ಮಣಿಕಟ್ಟು ಬಾಗಿದ್ದರೆ ನರ ಎಳೆದಂತಾಗಿ ಅಂಕಿ ಬದಲಾಗುತ್ತದೆ. ಸ್ಕ್ಯಾನ್ ಮಾಡುವವರ ಕೈ ಒತ್ತಿದರೂ ಹಾಗೆಯೇ. ಒಂದು ಯಂತ್ರದ ಅಂಕಿ ಇನ್ನೊಂದಕ್ಕೆ ಹೊಂದುವುದಿಲ್ಲ. ಎಲ್ಲರೂ ಒಪ್ಪಿದ ಗಡಿ ಸಂಖ್ಯೆ ಇಲ್ಲ. ಆದ್ದರಿಂದ ಇದು ಇತರ ಪರೀಕ್ಷೆಗಳಿಗೆ ಜೊತೆಗಾರ ಅಷ್ಟೇ. ಇದೇ ಬೇಕೆಂದು ದುಬಾರಿ ಸ್ಕ್ಯಾನಿಂಗ್ ಹುಡುಕಿಕೊಂಡು ಸಾಲ ಮಾಡಬೇಡಿ. ಯಾವ ಬೆರಳಿಗೆ, ಯಾವ ಹೊತ್ತಿನಲ್ಲಿ, ಎಷ್ಟು ತಿಂಗಳಿಂದ ಜೋಮು ಎಂದು ಬರೆದುಕೊಂಡು ಮೊದಲು ವೈದ್ಯರನ್ನು ಕಾಣಿ.

ಬೇಗ ಹೋದರೆ ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯಿಂದಲೇ ಹಲವರಿಗೆ ಹಿತವಾಗುತ್ತದೆ. ಮುಂದಿನ ಹಂತ ಇಂಜೆಕ್ಷನ್, ಆಮೇಲೆ ಚಾವಣಿಯ ಪಟ್ಟಿ ಕತ್ತರಿಸಿ ಜಾಗ ಮಾಡುವ ಸಣ್ಣ ಶಸ್ತ್ರಚಿಕಿತ್ಸೆ. ಹೆಬ್ಬೆರಳಿನ ಬುಡದ ಮಾಂಸಖಂಡ ಸೊರಗುವವರೆಗೆ ಕಾದರೆ, ಶಸ್ತ್ರಚಿಕಿತ್ಸೆಯ ನಂತರವೂ ಕೈಯ ಹಿಡಿತ ಮೊದಲಿನಂತಾಗದಿರಬಹುದು. ಇಂದು ಮನೆಗೆ ಹೋದಾಗ ತಾಯಿಯ ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು, ಆ ಜಾಗ ತಗ್ಗಾಗಿದೆಯೇ ನೋಡಿ.